ನಾನು ‘ಹೌದ್ರೀ’ ಅಂದದ್ದು

ಆ ದಿನ ನಾನು ‘ಇಲ್ಲ’ ಅನ್ನಬೇಕಾಗಿತ್ತು. ಅನ್ನಲಿಲ್ಲ. ಕೈಯಲ್ಲಿ ನೀರಿನ ಗ್ಲಾಸುಗಳ ಟ್ರೇ ಹಿಡಿದುಕೊಂಡು ‘ಹೌದ್ರೀ’ ಅಂದೆ. ಆ ಒಂದು ಮಾತಿನಿಂದ ನನ್ನ ತಂಗಿ ಇದ್ದ ಆಸರೆಮನೆಯ ಅನುದಾನ ನಿಂತಿತು ಅಂದರೆ ನಮ್ಮ ಕಚೇರಿಯವರು ನಗಬಹುದು. ಶಿಪಾಯಿಯ ಮಾತಿಗೆ ಅಷ್ಟು ಕಿಮ್ಮತ್ತು ಎಲ್ಲಿಂದ ಬಂತು ಅನ್ನಬಹುದು. ಆದರೆ ಆ ಸಭೆಯಲ್ಲಿ ನಿಂತಿದ್ದವನು ನಾನು. ನನ್ನ ಮಾತಿನ ಹಿಂದೆಯೇ ಏನೇನು ಬಂತು ಅಂತ ನೋಡಿದವನೂ ನಾನೇ.

ನಾನು ಕೆಲಸ ಮಾಡುವುದು ಸೊಲ್ಲಾಪುರದ ಒಂದು ಕಚೇರಿಯಲ್ಲಿ. ಯಾವ ಕಚೇರಿ ಅಂತ ಬರೆಯುವುದಿಲ್ಲ, ಇನ್ನೂ ಅಲ್ಲೇ ನನ್ನ ಅನ್ನ ಇದೆ. ಜನರು ಆರಿಸಿ ಕಳಿಸಿದ ಸದಸ್ಯರು ಕೂಡಿ ಯಾವ ಕೆಲಸಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ ಅಂತ ಠರಾವು ಮಾಡುವ ಜಾಗ ಅಂದರೆ ಸಾಕು. ನನ್ನ ಕೆಲಸ ಫೈಲು ಒಯ್ಯುವುದು, ಸಭೆ ಇದ್ದಾಗ ಚಹಾ ನೀರು ಕೊಡುವುದು. ಹೆಚ್ಚು ಕಲಿತವನಲ್ಲ. ಅಪ್ಪ ಕುರಿ ಸಾಕಿದವನು. ಬೇಸಿಗೆಯಲ್ಲಿ ಕುರಿ ಹಿಂಡಿನ ಜೊತೆ ಭೀಮಾ ದಂಡೆಗೆ ಹೋದರೆ ಮಳೆ ಬೀಳುವವರೆಗೂ ತಿರುಗಿ ಬರುತ್ತಿರಲಿಲ್ಲ. ಆರನೇ ಇಯತ್ತೆಯಲ್ಲಿದ್ದಾಗ ಅವನ ಜೊತೆ ಹೋದ ನಾನು ಮತ್ತೆ ಸಾಲಿಗೆ ಹೋಗಲೇ ಇಲ್ಲ. ಕಚೇರಿಯಲ್ಲಿ ಎಲ್ಲವೂ ಮರಾಠಿ. ಮರಾಠಿಯಲ್ಲಿ ‘ಮಿಳಾಲೆ’, ಅಂದರೆ ಮುಟ್ಟಿತು, ಅಂತ ಬರೆದು ಕೆಳಗೆ ಸಹಿ ಮಾಡುವಷ್ಟು ನನಗೆ ಬರುತ್ತದೆ. ಇಂಥದ್ದನ್ನು ಬರೆಯುವುದಕ್ಕೆ ನನಗೆ ಸಾಲಿಯ ಕನ್ನಡವೇ ಬೇಕು.

ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಅವಳನ್ನು ನಮ್ಮ ಅಕ್ಕಲಕೋಟ ತಾಲೂಕಿನದೇ ಒಂದು ಹಳ್ಳಿಗೆ ಕೊಟ್ಟೆವು. ನಮ್ಮಂಥದೇ ಮನೆತನ, ಅವರೂ ಕುರಿಗಾರರ ದೇವರು ಬೀರೋಬಾನ ಒಕ್ಕಲು. ಅಪ್ಪ ಅವ್ವ ತೀರಿಹೋದ ಮೇಲೆ ಅವಳ ತವರು ಅಂದರೆ ಸೊಲ್ಲಾಪುರದಲ್ಲಿ ನಾನು, ನನ್ನ ಹೆಂಡತಿ, ಮಗಳು ಇರುವ ಎರಡು ಖೋಲಿಯ ಬಾಡಿಗೆ ಮನೆ. ಗಂಡ ಹೊಡೆಯುತ್ತಿದ್ದ. ಮೊದಲ ಸಲ ಅವಳು ನಮ್ಮ ಮನೆಗೆ ಬಂದಾಗ ತುಟಿ ಒಡೆದಿತ್ತು. ಎರಡನೇ ಸಲ ಮುಂಗೈ ಬಾತಿತ್ತು. ಮೂರನೇ ಸಲ ಹೊರಗೆ ಏನೂ ಕಾಣಲಿಲ್ಲ ಅಂತ ನಾವು ಸಮಾಧಾನ ಪಟ್ಟೆವು. ಊಟಕ್ಕೆ ಕೂತಾಗ ನನ್ನ ಹೆಂಡತಿ ಅವಳ ಎಡಗಡೆಯಿಂದ ಎರಡು ಸಲ ಕರೆದಳು. ಅವಳು ತಿರುಗಲಿಲ್ಲ. ಆಮೇಲೆ ಗೊತ್ತಾಯಿತು, ಆ ಕಿವಿಯ ಮೇಲೆ ಬಿದ್ದ ಏಟಿನಿಂದ ಆ ಕಡೆ ಕೇಳುವುದೇ ನಿಂತಿತ್ತು.

ಮೂರು ಸಲವೂ ನಾವು ಮಾಡಿದ್ದು ಒಂದೇ. ಎರಡು ದಿನ ಇಟ್ಟುಕೊಂಡು, ಹೋಳಿಗೆ ಮಾಡಿ ಉಣಿಸಿ, ಉಡಿ ತುಂಬಿ ಕಳಿಸಿದೆವು. ತವರಿಗೆ ಬಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದು ಅಂತ ನಮ್ಮಲ್ಲಿ ಪದ್ಧತಿ. ಅಕ್ಕಿ, ಕೊಬ್ಬರಿ, ಉತ್ತುತ್ತಿ, ಅರಿಷಿಣದ ಕೊಂಬು, ಒಂದು ಕುಬಸದ ಖಣ. ಅವಳು ಸೆರಗು ಒಡ್ಡುತ್ತಾಳೆ, ಅತ್ತಿಗೆ ತುಂಬುತ್ತಾಳೆ. ತುಂಬುವಾಗ ಬೇಡ ಅನ್ನುವ ಹಾಗಿಲ್ಲ, ತುಂಬಿದ ಮೇಲೆ ಉಳಿಯುವ ಹಾಗಿಲ್ಲ. ಅದು ನನಗೆ ಗೊತ್ತಿತ್ತು. ಮೂರನೇ ಸಲ ನಾನೇ ಹೆಂಡತಿಗೆ ಹೇಳಿದೆ, ನಾಳೆ ಉಡಿ ತುಂಬು ಅಂತ. ಹೋಗು ಅನ್ನುವುದಕ್ಕಿಂತ ಅದು ಸುಲಭ. ಪದ್ಧತಿಯ ಪ್ರಕಾರ ಮಾಡಿದ್ದೇವೆ, ನಮ್ಮ ಕಡೆಯಿಂದ ಏನೂ ಕೊರತೆ ಆಗಲಿಲ್ಲ ಅಂತ ಬಸ್ಸು ಹತ್ತಿಸಿ ಬಂದು ಚಹಾ ಕುಡಿದೆ.

ನಾಲ್ಕನೇ ಸಲ ಅವಳು ನಮ್ಮಲ್ಲಿಗೆ ಬರಲಿಲ್ಲ. ಸೊಲ್ಲಾಪುರ ಸ್ಟ್ಯಾಂಡಿನಲ್ಲಿ ಇಳಿದು, ಅಲ್ಲಿದ್ದ ಹೆಣ್ಣು ಪೊಲೀಸರನ್ನು ಕೇಳಿ, ಗಂಡನ ಹೊಡೆತಕ್ಕೆ ಮನೆ ಬಿಟ್ಟ ಹೆಂಗಸರನ್ನು ಇಟ್ಟುಕೊಳ್ಳುವ ಆಸರೆಮನೆಗೆ ಹೋದಳು. ಸ್ಟ್ಯಾಂಡಿನಿಂದ ನಮ್ಮ ಮನೆ ನಡೆದು ಹೋಗುವಷ್ಟು ಹತ್ತಿರ. ಅದನ್ನು ದಾಟಿಯೇ ಹೋಗಿರಬೇಕು. ಎಂಟು ದಿನದ ಮೇಲೆ ಆ ಮನೆ ನಡೆಸುವವರು ನನಗೆ ಫೋನು ಮಾಡಿದರು. ಅಲ್ಲಿಯ ಹೆಂಗಸರೆಲ್ಲ ಅವರನ್ನು ಅಕ್ಕೋರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ತಂಗಿ ಅರ್ಜಿಯಲ್ಲಿ ಸಂಬಂಧಿಕರು ಅನ್ನುವ ಕಡೆ ನನ್ನ ಹೆಸರು ಬರೆಸಿದ್ದಳಂತೆ.

ನೋಡಲು ಹೋದೆ. ಹೊರಗೆ ಬೋರ್ಡು ಇಲ್ಲದ ಹಳೆಯ ಮನೆ. ಬಾಗಿಲಲ್ಲಿ ಒಬ್ಬ ಗಟ್ಟಿ ಹೆಂಗಸು ಕಾವಲಿಗೆ ಕೂತಿದ್ದಳು. ನನ್ನ ಆಧಾರ್ ಕಾರ್ಡು ನೋಡಿ, ಮುಖ ನೋಡಿ, ಮತ್ತೆ ಕಾರ್ಡು ನೋಡಿ ಒಳಗೆ ಬಿಟ್ಟಳು. ಆ ಮನೆಯ ಬಾಡಿಗೆ, ಅಡಿಗೆ, ಈ ಕಾವಲಿನವಳ ಪಗಾರ, ಕೋರ್ಟಿಗೆ ಹೋಗುವ ಹೆಂಗಸರ ಜೊತೆ ಹೋಗಲು ಒಬ್ಬರು, ಎಲ್ಲವೂ ನಡೆಯುವುದು ನಮ್ಮ ಕಚೇರಿ ವರ್ಷಕ್ಕೊಮ್ಮೆ ಮಂಜೂರು ಮಾಡುವ ಅನುದಾನದ ಮೇಲೆ ಅಂತ ಅಕ್ಕೋರು ಹೇಳಿದರು. ಆ ಫೈಲನ್ನು ನಾನು ಎಷ್ಟೋ ಸಲ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಒಯ್ದಿದ್ದೆ. ಒಳಗೆ ಏನಿದೆ ಅಂತ ನೋಡಿರಲಿಲ್ಲ.

ಈ ವರ್ಷದ ಪ್ರಸ್ತಾವ ಮುಂದಿನ ಸಭೆಗೆ ಬರುವುದಿತ್ತು. ಅಲ್ಲಿರುವವರು ನಮ್ಮ ಜಿಲ್ಲೆಯವರೇ ಏನು, ನಮ್ಮ ಜನಕ್ಕೆ ಇದರ ಗರಜು ಇದೆಯೇ ಅಂತ ಯಾರಾದರೂ ಕೇಳುತ್ತಾರೆ ಅಂತ ಅಕ್ಕೋರಿಗೆ ಅಂಜಿಕೆ. ‘ನೀವು ಅಲ್ಲೇ ಇರ್ತೀರಲ್ರೀ. ನಮ್ಮ ಮನೀದೂ ಒಬ್ಬಾಕಿ ಅಲ್ಲಿ ಅದಾಳ ಅಂತ ಒಂದು ಮಾತು ಅಂದ್ರ ಸಾಕು. ಆಕಿ ಹೆಸರ ಹೇಳೂದು ಬ್ಯಾಡ’ ಅಂದರು. ಆಗಲಿ ಅಂದೆ. ತಂಗಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನಾನು ಹೊರಡುವಾಗ ತನ್ನ ಗಂಟು ಬಿಚ್ಚಿ ಮೂರು ಖಣ ತೋರಿಸಿದಳು, ಒಂದೂ ಹೊಲಿಸದವು. ‘ವೈನಿಗೆ ಹೇಳು, ಹಂಗೇ ಇಟ್ಟೀನಂತ’ ಅಂದಳು. ಅದನ್ನು ಹೆಂಡತಿಗೆ ಹೇಳಲಿಲ್ಲ.

ಸಭೆಯ ದಿನ ಬೆಳಿಗ್ಗೆಯೇ ಹೇಳುವ ಮಾತನ್ನು ಮರಾಠಿಯಲ್ಲಿ ಜೋಡಿಸಿಕೊಂಡಿದ್ದೆ. ಗ್ಲಾಸು ತೊಳೆಯುತ್ತ ಅದನ್ನೇ ಅಂದುಕೊಂಡೆ. ಆದರೆ ಒಳಗೆ ಹೋಗಿ ನೋಡಿದರೆ ಮುಂದಿನ ಸಾಲಿನಲ್ಲಿ ನಮ್ಮ ಕಡೆಯಿಂದ ಆರಿಸಿ ಬಂದ ಸದಸ್ಯ ಸಾಹೇಬರು ಕೂತಿದ್ದರು. ಅಪ್ಪನನ್ನು ಬಲ್ಲವರು. ನನಗೆ ಈ ನೌಕರಿ ಕೊಡಿಸಿದವರೇ ಅವರು. ತಂಗಿಯ ಮಾವನ ಮನೆಗೂ ಅವರಿಗೂ ಹೋಗಿ ಬರುವ ಬಳಕೆ. ಆಗ ನನ್ನ ಮಗಳಿಗೆ ಅವರ ಪರಿಚಯದವರ ಮನೆಯಿಂದಲೇ ಮದುವೆಯ ಮಾತು ಬಂದಿತ್ತು.

ಆಸರೆಮನೆಯ ವಿಷಯ ಬಂದಾಗ ಅವರು ಮರಾಠಿಯಲ್ಲಿ, ಇಂಥ ಕಡೆ ಬರುವವರು ಎಲ್ಲಿಯವರೋ ಯಾರೋ, ಅವರಿಗೆ ನಾವೇಕೆ ಕೊಡಬೇಕು ಅಂದರು. ಅಷ್ಟೊತ್ತಿಗೆ ನಾನು ಟ್ರೇ ಹಿಡಿದು ಅವರ ಹತ್ತಿರ ಬಂದಿದ್ದೆ. ಗ್ಲಾಸು ತೆಗೆದುಕೊಳ್ಳುತ್ತ ನನ್ನ ಮುಖ ನೋಡಿ ನಕ್ಕರು. ಎಲ್ಲರೂ ಕೇಳುವ ಹಾಗೆ ಕನ್ನಡದಲ್ಲೇ ಅಂದರು.

‘ನಮ್ಮ ಕಡೀ ಹೆಣ್ಣಮಕ್ಕಳು ಇಂಥಾ ಮನ್ಯಾಗ ಇರಂಗಿಲ್ಲ. ಅವರಿಗೆ ಅಣ್ಣತಮ್ಮರು ಇರ್ತಾರ. ಹೌದಲ್ಲೋ ತಮ್ಮಾ?’

‘ಹೌದ್ರೀ ಸಾಹೇಬ್ರ’ ಅಂದೆ.

ಜೋಡಿಸಿಕೊಂಡಿದ್ದ ಮರಾಠಿ ಬಾಯಿಗೆ ಬರಲಿಲ್ಲ. ಟ್ರೇ ಹಿಡಿದುಕೊಂಡು ಮುಂದಿನ ಕುರ್ಚಿಗೆ ಹೋದೆ. ಕನ್ನಡ ಬರುವ ಒಂದಿಬ್ಬರು ನಕ್ಕರು. ಸಾಹೇಬರು ಅದೇ ಮಾತನ್ನು ಮರಾಠಿಗೆ ತಿರುಗಿಸಿ, ನೋಡಿರಿ, ಶಿಪಾಯಿಗೂ ಗೊತ್ತಿದೆ ಅಂದರು. ಕೊನೆಗೆ ಆದದ್ದು ಇದು: ವಿಷಯ ಮುಂದಿನ ಸಭೆಗೆ. ಅಲ್ಲಿಯವರೆಗೆ, ಸಂಬಂಧಿಕರು ಇರುವ ಹೆಂಗಸರು ಎಷ್ಟು ಜನ ಅಂತ ಆಸರೆಮನೆಯಿಂದ ಒಂದು ಯಾದಿ ತರಿಸಬೇಕು. ಅವರನ್ನು ಸಂಬಂಧಿಕರ ಕಡೆಗೆ ಕಳಿಸಿಬಿಟ್ಟರೆ ಖರ್ಚು ಕಡಿಮೆಯಾಗುತ್ತದೆ. ಆ ಯಾದಿ ಕೇಳುವ ಪತ್ರವನ್ನು ಒಯ್ದುಕೊಟ್ಟವನೂ ನಾನೇ. ಅಕ್ಕೋರು ಸಹಿ ಮಾಡಿ ತೆಗೆದುಕೊಂಡರು. ನೀವು ಹೇಳಿದ್ರೇನು ಅಂತ ಕೇಳಿದರು. ನನಗೆ ಮಾತಾಡಲು ಯಾರೂ ಅವಕಾಶ ಕೊಡಲಿಲ್ಲ ಅಂದೆ. ಇದು ಎರಡನೇ ತಪ್ಪು.

ಅನುದಾನ ಬರದೆ ಆ ಮನೆಯವರು ಒಂದೊಂದೇ ಖರ್ಚು ಕೈಬಿಡತೊಡಗಿದರು. ಮೊದಲು ಕೋರ್ಟಿಗೆ ಜೊತೆ ಹೋಗುವವರು ನಿಂತರು. ಆಮೇಲೆ ಬಾಗಿಲಿನ ಕಾವಲಿನವಳು. ಅಕ್ಕೋರೇ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತು ಕಾಗದಪತ್ರ ಬರೆಯುತ್ತಿದ್ದರು. ನಾನು ದಿನಾ ಕಚೇರಿಯಲ್ಲಿ ಆ ಫೈಲು ಎಲ್ಲಿದೆ ಅಂತ ನೋಡುತ್ತಿದ್ದೆ. ಅದು ಕಪಾಟಿನಲ್ಲಿ ಕೆಂಪು ದಾರ ಕಟ್ಟಿಕೊಂಡು ಮಲಗಿರುತ್ತಿತ್ತು. ಮನೆಯಲ್ಲಿ ಹೆಂಡತಿ, ನೀವು ಈಗೀಗ ಅನ್ನಕ್ಕ ಉಪ್ಪು ಹಾಕ್ಲಿಲ್ಲಂದ್ರೂ ಗೊತ್ತಾಗಂಗಿಲ್ಲ ಅಂದಳು. ಹೌದು, ಒಂದು ದಿನ ನಿಜವಾಗಿ ಹಾಕಿರಲಿಲ್ಲವಂತೆ.

ತಂಗಿ ಗಂಡನ ಮೇಲೆ ಹಾಕಿದ್ದ ಕೇಸಿನ ತಾರೀಖು ಅಕ್ಕಲಕೋಟ ಕೋರ್ಟಿನಲ್ಲಿ ಬಂತು. ಜೊತೆಗೆ ಬರುತ್ತೀಯೇನು ಅಂತ ಅವಳೇ ಫೋನು ಮಾಡಿ ಕೇಳಿದಳು. ಮದುವೆಯಾದ ಮೇಲೆ ಅವಳು ನನ್ನನ್ನು ಬಾಯಿಬಿಟ್ಟು ಕೇಳಿದ ಮೊದಲ ಮಾತು ಅದು. ರಜೆ ಸಿಗುವುದಿಲ್ಲ ಅಂದೆ. ರಜೆ ಕೇಳಿಯೇ ಇರಲಿಲ್ಲ. ಕೋರ್ಟಿನ ಅಂಗಳದಲ್ಲಿ ಅವಳ ಮಾವನ ಮನೆಯವರ ಎದುರಿಗೆ ನಿಲ್ಲುವುದು ನನ್ನಿಂದಾಗದು ಅಂತ ನನಗೆ ಗೊತ್ತಿತ್ತು. ಹೋಗಲಿ ಬಿಡು, ಬಸ್ಸು ಅದಾವಲ್ಲ ಅಂದಳು.

ಆ ದಿನ ಹನ್ನೊಂದು ಗಂಟೆಗೆ ಅವಳಿಗೆ ಫೋನು ಹಚ್ಚಿದೆ. ಬಂದ್ ಇತ್ತು. ಹನ್ನೆರಡಕ್ಕೆ ಬಂದ್. ಒಂದಕ್ಕೆ ಅಕ್ಕೋರೇ ನನಗೆ ಫೋನು ಮಾಡಿ, ನಿಮಗೇನಾದ್ರೂ ಫೋನು ಮಾಡಿದ್ಳೇನ್ರೀ ಅಂತ ಕೇಳಿದರು. ಆಗ ಕೈಯಲ್ಲಿದ್ದ ಫೈಲನ್ನು ಯಾವ ಟೇಬಲ್ಲಿನ ಮೇಲೆ ಇಟ್ಟೆನೋ ನೆನಪಿಲ್ಲ. ಹೇಳದೆ ಕೇಳದೆ ಸ್ಟ್ಯಾಂಡಿಗೆ ಓಡಿದೆ. ಅಕ್ಕಲಕೋಟದ ಬಸ್ಸಿನಲ್ಲಿ ಅಲ್ಲಿಯ ಸ್ವಾಮಿಗಳ ಗುಡಿಗೆ ದರ್ಶನಕ್ಕೆ ಹೊರಟ ಪುಣೆ ಕಡೆಯ ಜನ ತುಂಬಿದ್ದರು. ನನ್ನ ಪಕ್ಕದ ಅಜ್ಜಿ, ನಿಮಗೇನು ಹರಕೆ ಅಂತ ಕೇಳಿದಳು. ರಸ್ತೆಯ ಪಕ್ಕದಲ್ಲಿ ಯಾವ ಹೆಂಗಸು ಕಂಡರೂ ಅವಳೇ ಅನಿಸುತ್ತಿತ್ತು. ಗಂಡ ಅವಳನ್ನು ಗಾಡಿಯ ಮೇಲೆ ಕೂರಿಸಿಕೊಂಡು ಹೋಗಿಬಿಟ್ಟನೇನೋ, ಎದುರಿಗೆ ಬಂದರೆ ನಾನು ಬಸ್ಸು ನಿಲ್ಲಿಸುತ್ತೇನೋ ಇಲ್ಲವೋ ಅಂತ ನನ್ನ ಮೇಲೆ ನನಗೇ ಭರವಸೆ ಇರಲಿಲ್ಲ.

ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಇಳಿದಾಗ ಅವಳ ಗಂಡ ಮತ್ತು ಅವನ ತಮ್ಮ ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತಿದ್ದರು, ಸೊಲ್ಲಾಪುರ ಬಸ್ಸು ನಿಲ್ಲುವ ಕಡೆ ನೋಡುತ್ತ. ಅವಳು ಅವರ ಜೊತೆಗಿಲ್ಲ ಅಂತ ಒಂದು ಕ್ಷಣ ಜೀವ ಬಂತು. ಹಾಗಾದರೆ ಎಲ್ಲಿ ಅಂತ ಮತ್ತೆ ಹೋಯಿತು. ಟೊಪ್ಪಿಗೆ ಮುಂದೆ ಎಳೆದುಕೊಂಡು ಜನರ ನಡುವೆ ದಾಟಿದೆ. ಕೋರ್ಟಿನಲ್ಲಿ ಕೇಳಿದೆ, ಅವಳ ಕೆಲಸ ಮುಗಿದು ಹೋಗಿದ್ದಾಳೆ ಅಂದರು. ಬಜಾರ ತಿರುಗಿದೆ. ಗುಡಿಯ ಸಾಲು ನೋಡಿದೆ. ಕೊನೆಗೆ ಯಾತ್ರೆಯವರಿಗೆ ಊಟ ಹಾಕುವ ಮಂಟಪದ ಬಾಗಿಲಿಗೆ ಬಂದು ಒಳಗೆ ಇಣುಕಿದೆ. ಪಂಕ್ತಿಯ ನಡುವೆ, ಎರಡು ಊರಿನ ಹೆಂಗಸರ ಗುಂಪಿನ ಮಧ್ಯೆ, ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಎಲೆಯ ಮೇಲೆ ಅನ್ನ ಹಾಗೇ ಇತ್ತು.

‘ಇದು ಮೂರನೇ ಪಂಕ್ತಿ, ಯಣ್ಣಾ’ ಅಂದಳು. ‘ಹೊರಗ ಹೋದ್ರ ಸ್ಟ್ಯಾಂಡಿನ್ಯಾಗ ಅವ್ರು ಅದಾರ. ಇಲ್ಲಿ ಸುಮ್ನ ಕೂಡಾಕ ಬಿಡಂಗಿಲ್ಲ, ಉಣ್ಣಬೇಕು. ಬಡಸಾಂವ ಈ ಸಲ, ಅವ್ವಾ ನಿನಗ ಭಾಳ ಹಸಿವಿ ಅಂದ.’ ಫೋನು ಬೆಳಿಗ್ಗೆಯೇ ಸತ್ತಿತ್ತಂತೆ.

ನನಗೆ ನಗು ಬಂತು, ಅವಳಿಗೂ ಬಂತು. ನಾನೂ ಅಲ್ಲೇ ಕೂತು ಉಂಡೆ. ಉಣ್ಣುತ್ತ ಅವಳು ಯಾದಿಯ ಸುದ್ದಿ ತೆಗೆದಳು. ಅಕ್ಕೋರು ಅಳುತ್ತ ಬರೆದು ತೋರಿಸಿದ್ದರಂತೆ. ಹೊರಗೆ ಹೋಗಬೇಕಾದವರಲ್ಲಿ ಅವಳ ಹೆಸರೇ ಮೊದಲು.

‘ಅಲ್ಲಿ ಒಬ್ಬಾಕಿ ಅದಾಳ, ಆಕೀಗಿ ಹಿಂದಿಲ್ಲ ಮುಂದಿಲ್ಲ. ಆಕಿ ಇರ್ತಾಳ. ನನಗ ಅಣ್ಣ ಅದಾನಲ್ಲ, ಅದಕ ನಾ ಹೋಗಬೇಕು. ಆ ಫಾರಮಿನ್ಯಾಗ ನಿನ್ನ ಹೆಸರ ಬರಸಬಾರದಾಗಿತ್ತು ನಾ.’

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಅಂಗಡಿಯಲ್ಲಿ ತಪ್ಪು ಸಾಮಾನು ಕೇಳಿದೆ ಅನ್ನುವ ಹಾಗೆ ಅಂದಳು. ಆ ಯಾದಿ ಯಾರ ಮಾತಿನಿಂದ ಹುಟ್ಟಿತು ಅಂತ ಅವಳಿಗೆ ಗೊತ್ತಿರಲಿಲ್ಲ. ಆಗಲೂ ಹೇಳಲಿಲ್ಲ ನಾನು. ನಮ್ಮ ಮನೆಗೆ ಬಾ ಅಂದೆ. ಅವಳು ಎಲೆ ಮಡಿಚುತ್ತ, ನಿಮ್ಮ ಮನಿ ದಾರಿ ಅಂವಗೂ ಗೊತ್ತದ ಅಂದಳು. ಉಡಿಯ ಮಾತು ಎತ್ತಲಿಲ್ಲ. ಯಾತ್ರೆಯವರ ಒಂದು ಜೀಪು ಸೊಲ್ಲಾಪುರಕ್ಕೆ ಹೊರಟಿತ್ತು, ಅದರಲ್ಲಿ ಹಿಂದೆ ಕೂತು ಬಂದೆವು.

ಎರಡನೇ ಸಭೆಗೆ ಇನ್ನೂ ಹತ್ತು ದಿನ ಇತ್ತು. ಆ ಹತ್ತು ದಿನ ನಾನು ಮಾಡಿದ್ದು ಅಂಜುವ ಕೆಲಸ ಒಂದೇ. ಮಾತಾಡಿದರೆ ನೌಕರಿ ಹೋಗುತ್ತದೆ, ಮಗಳ ಮಾತು ಮುರಿಯುತ್ತದೆ. ಮಾತಾಡದಿದ್ದರೆ ಯಾದಿಯ ಮೊದಲನೇ ಹೆಸರು ಹೊರಗೆ ಬೀಳುತ್ತದೆ. ಎರಡು ದಿನ ಮುಂಚೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಮೂರು ಖಣದ ಮಾತನ್ನೂ. ಅವಳು ಜೋಳ ಹಸನು ಮಾಡುತ್ತ, ‘ತುಂಬಿದ ಕೈ ನಂದೂ ಅಲ್ರೀ’ ಅಂದಳು. ಮಗಳನ್ನು ಕೇಳುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ಅವಳೇ ಒಳಗಿನಿಂದ ಬಂದು, ಅತ್ತೀನ ಮುಚ್ಚಿಟ್ಟು ನನ್ನ ಕೊಡೋ ಮನಿ ಎಂಥಾದ್ದಪ್ಪಾ ಅಂತ ಕೇಳಿ ನೀರು ತರಲು ಹೋದಳು.

ಸಭೆಯಲ್ಲಿ ಯಾದಿಯನ್ನು ಓದಿದರು. ಹೆಸರು ಓದಲಿಲ್ಲ, ಸಂಬಂಧಿಕರು ಇರುವವರು ಇಷ್ಟು ಮಂದಿ ಅಂತ ಮಾತ್ರ. ಸಾಹೇಬರು ಸರಿ, ಅವರು ಹೋಗಲಿ ಅಂದರು. ನಾನು ಗೋಡೆಯ ಹತ್ತಿರ ಇದ್ದೆ. ನಡೆದು ಬಂದು ಟ್ರೇಯನ್ನು ಅವರ ಮುಂದಿನ ಕಾಗದಗಳ ಮೇಲೆಯೇ ಇಟ್ಟುಬಿಟ್ಟೆ. ಗ್ಲಾಸು ಒಂದಕ್ಕೊಂದು ಬಡಿದು ಸದ್ದಾಯಿತು.

‘ಸಾಹೇಬ್ರ, ಹೋದ ಸಲ ನೀವು ನನ್ನ ಒಂದು ಮಾತು ಕೇಳಿದ್ರಿ. ನಾ ಸುಳ್ಳು ಹೇಳಿದೆ. ನನ್ನ ಸ್ವಂತ ತಂಗಿ ಅದೇ ಮನ್ಯಾಗ ಅದಾಳ. ಅಣ್ಣ ನಾ ಅದೀನಿ. ಇದ್ದೂ ಮೂರು ಸಲ ತಿರುಗಿ ಕಳಿಸೀನಿ.’

ಅಧ್ಯಕ್ಷರು ಹೆಣ್ಣುಮಗಳು, ಅವರಿಗೆ ಕನ್ನಡ ಬರುವುದಿಲ್ಲ. ಮರಾಠಿಯಲ್ಲಿ ಹೇಳು ಅಂದರು. ಹರಕು ಮುರುಕು ಮರಾಠಿಯಲ್ಲಿ ಹೇಳಿದೆ. ಅಣ್ಣ ಇದ್ದಾನೆ ಅಂತ ಬರೆದದ್ದು ಕಾಗದದ ಮೇಲೆ, ಮನೆಯಲ್ಲಿ ಅಲ್ಲ ಅಂದೆ. ಸಾಹೇಬರು ನನ್ನ ಮುಖ ನೋಡಲಿಲ್ಲ. ಟ್ರೇ ತೆಗಿ ಅಂತ ಮಾತ್ರ ಅಂದರು. ತೆಗೆದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಯಾರೂ ಬೈಯಲೂ ಇಲ್ಲ. ಅವರವರಲ್ಲೇ ಒಂದಿಷ್ಟು ಮಾತಾಡಿಕೊಂಡರು. ಸಂಬಂಧಿಕರು ಇದ್ದಾರೆ ಅಂತ ಯಾರನ್ನೂ ಹೊರಗೆ ಕಳಿಸಬಾರದು ಅಂತ ಅಧ್ಯಕ್ಷರು ಬರೆಸಿದರು. ಅನುದಾನ ಪೂರ್ತಿ ಆಗಲಿಲ್ಲ. ಅರ್ಧ ವರ್ಷಕ್ಕೆ ಮಂಜೂರಾಯಿತು, ಮುಂದಿನದು ಮತ್ತೆ ನೋಡೋಣ ಅಂದರು. ನನ್ನ ನೌಕರಿ ಈವರೆಗೆ ಇದೆ. ಮಗಳ ಮಾತು ಮುರಿಯಿತು.

ಸಂಜೆಯ ಮೊದಲೇ ಆಸರೆಮನೆಗೆ ಹೋದೆ. ಅಕ್ಕೋರಿಗೆ ಸುದ್ದಿ ಮುಟ್ಟಿತ್ತು, ಕುರ್ಚಿಯಿಂದ ಎದ್ದು ನಿಂತು ಕೈಮುಗಿದರು. ನನಗೆ ತಲೆ ಎತ್ತಲಾಗಲಿಲ್ಲ. ಒಳಗೆ ನಾಲ್ಕೈದು ಹೆಂಗಸರು ಹೊಲಿಯುತ್ತಿದ್ದರು. ತಂಗಿ ನಮ್ಮ ಮೂರು ಖಣಗಳಲ್ಲಿ ಒಂದನ್ನು ಕತ್ತರಿಸಿ, ಹಿಂದಿಲ್ಲ ಮುಂದಿಲ್ಲ ಅಂದಿದ್ದಳಲ್ಲ, ಅವಳಿಗೆ ಕುಬಸ ಹೊಲಿಯುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಸಭೆಯಲ್ಲಿ ಮಾತಾಡಿದಿಯಂತ, ಅಕ್ಕೋರು ಹೇಳಿದ್ರು ಅಂದಳು.

‘ಹ್ಞೂಂ.’

‘ಅವ್ರಿಗೆಲ್ಲ ಹೇಳಿದಿ. ನನಗ?’

ಹೇಳಬೇಕೆಂದೇ ಬಂದಿದ್ದೆ. ಬಾಯಿ ತೆರೆದು ಏನೋ ಗೊಣಗಿದೆ. ಅವಳು ಯಂತ್ರ ನಿಲ್ಲಿಸಲಿಲ್ಲ. ಆ ಅಂಚು ಹೊಲಿದು ಮುಗಿಸಿ ನೂಲು ಕಡಿದು ನನ್ನ ಕಡೆ ತಿರುಗಿದಳು.

‘ಆ ಕಡೀ ಕಿವಿ ಕೇಳಂಗಿಲ್ಲಂತ ನಿನಗ ಗೊತ್ತದಲ್ಲ ಯಣ್ಣಾ. ಗೊತ್ತಿದ್ದೇ ಅಲ್ಲಿ ಕುಂತಿ. ಈ ಕಡೀ ಬಾ. ಜ್ವಾರಲೆ ಹೇಳು.’

ನಿಜ. ಗೊತ್ತಿದ್ದೇ ಎಡಗಡೆ ಕೂತಿದ್ದೆ. ಎದ್ದು ಯಂತ್ರವನ್ನು ಸುತ್ತಿ ಅವಳ ಬಲಗಡೆ ಬಂದು ನಿಂತೆ. ಉಳಿದ ಹೆಂಗಸರೂ ಯಂತ್ರ ನಿಲ್ಲಿಸಿದರು. ಅವರೂ ಕೇಳಲಿ ಅಂತ ದನಿ ಎತ್ತಿದೆ.

‘ತಂಗೀ, ತಪ್ಪು ನಂದು. ಮೂರು ಸಲ ಉಡಿ ತುಂಬಿ ನಿನ್ನ ಹೊಡತಕ್ಕ ಕಳಿಸಿದೆ. ಆ ಯಾದಿ ಆದದ್ದು ನನ್ನ ಮಾತಿನ ಮ್ಯಾಲ. ನಮ್ಮ ಹೆಣ್ಣಮಕ್ಕಳು ಅಲ್ಲಿ ಇರಂಗಿಲ್ಲಲ್ಲೋ ಅಂತ ಕೇಳಿದ್ರು, ಹೌದ್ರೀ ಅಂದೆ ನಾ. ಅಕ್ಕಲಕೋಟಕ್ಕ ಬಾ ಅಂದಾಗ ರಜಾ ಇಲ್ಲಂತ ಸುಳ್ಳು ಹೇಳಿದೆ. ನಿನ್ನ ಕಡೆ ನಿಂದ್ರೂದು ನನ್ನ ಕೆಲಸ ಇತ್ತು, ನಾ ನಿಂದ್ರಲಿಲ್ಲ. ನನ್ನ ಕ್ಷಮಾ ಮಾಡು ಯವ್ವಾ. ಮಾಡಲಿಲ್ಲಂದ್ರೂ ನಡೀತದ, ಮತ್ತ ಬಂದು ಕೇಳತೀನಿ.’